ಫೋಟೊಗೆ ದೊಡ್ಡ ಮೀನು, ಬಾಣಲೆಗೆ ಸಣ್ಣದು

ಗಾಳ ಹಾಕುವವರ ಬಳಗದಲ್ಲಿ ದೊಡ್ಡ ಮೀನಿಗೆ ಇರುವ ಮರ್ಯಾದೆಯೇ ಬೇರೆ. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಈ ಹವ್ಯಾಸದ ಹಬ್ಬ. ಆದರೆ ಕಾರ್ಖಾನೆಗಳ ಕೊಳಕು ಸೇರಿದ ನೀರಿನಲ್ಲಿ ಹಿಡಿದ ಅದೇ ಮೀನನ್ನು ಮನೆಗೆ ಒಯ್ದು ಅಡುಗೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಚಿಗೆ ಹತ್ತಿದ ಚೂರು ಪಾದರಸ ಅದನ್ನು ತಿಂದ ಹುಳದಲ್ಲಿ ಹೆಚ್ಚು, ಹುಳ ತಿಂದ ಮರಿಮೀನಿನಲ್ಲಿ ಇನ್ನೂ ಹೆಚ್ಚು. ಮರಿಗಳನ್ನು ವರ್ಷಗಟ್ಟಲೆ ನುಂಗಿ ಬಲಿತ ಬೇಟೆಮೀನಿನಲ್ಲಿ ಎಲ್ಲಕ್ಕಿಂತ ಹೆಚ್ಚು. ನೀರು ತಳ ಕಾಣುವಷ್ಟು ತಿಳಿಯಾಗಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ಕಾರ್ಖಾನೆಯ ಕೊಳಕು ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ದೊಡ್ಡ ಸಾಕ್ಷಿ. ಅದರ ದಂಡೆಯ ಹಡ್ಸನ್ ಫಾಲ್ಸ್ ಮತ್ತು ಫೋರ್ಟ್ ಎಡ್ವರ್ಡ್ ಊರುಗಳಲ್ಲಿ ಕೆಪಾಸಿಟರ್ ತಯಾರಿಸುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಗಳಿಂದ, ಸುಮಾರು 1947ರಿಂದ 1977ರವರೆಗೆ, ಪಿಸಿಬಿ ಎಂಬ ಎಣ್ಣೆಯಂಥ ರಾಸಾಯನಿಕ ನದಿಗೆ ಹರಿಯಿತು. 1976ರಲ್ಲಿ ನದಿಯ ಮೇಲ್ಭಾಗದಲ್ಲಿ ಮೀನು ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. 1995ರಲ್ಲಿ ಗಾಳ ಹಾಕಲು ಅನುಮತಿ ಸಿಕ್ಕಿತು, ಹಿಡಿದದ್ದನ್ನು ನೀರಿಗೇ ಬಿಡಬೇಕೆಂಬ ಷರತ್ತಿನ ಮೇಲೆ. 2009ರಿಂದ 2015ರವರೆಗೆ ತಳದ ಹೂಳನ್ನು ಯಂತ್ರಗಳಿಂದ ಬಾಚಿ ತೆಗೆದರು. ಇಷ್ಟಾದ ಮೇಲೂ ಹಡ್ಸನ್ ಫಾಲ್ಸ್‌ನಿಂದ ಟ್ರಾಯ್ ಅಣೆಕಟ್ಟಿನವರೆಗಿನ ಮೀನು ತಿನ್ನಬೇಡಿ ಎಂಬ ಎಚ್ಚರಿಕೆ ಉಳಿದೇ ಇತ್ತು. ಹೊಳೆ ಹರಿಯುತ್ತಲೇ ಇರುತ್ತದೆ, ಕೊಳೆ ಕೊಚ್ಚಿಹೋಗುತ್ತದೆ ಎಂದು ನಂಬಿದವರು ಈ ವರ್ಷಗಳನ್ನು ಎಣಿಸಿ ನೋಡಬೇಕು. ನೀರು ಹೋಗುತ್ತದೆ, ಹೂಳು ಕೂತಲ್ಲೇ ಕೂರುತ್ತದೆ.

ಚೆನ್ನಾಗಿ ಹುರಿದರೆ ಎಲ್ಲ ವಿಷವೂ ಸುಟ್ಟುಹೋಗುತ್ತದೆ ಎನ್ನುವವರಿದ್ದಾರೆ. ಬೆಂಕಿಗೆ ಸಾಯುವುದು ಕ್ರಿಮಿ, ರಾಸಾಯನಿಕವಲ್ಲ. ಪಿಸಿಬಿಯ ವಿಷಯದಲ್ಲಿ ಮಾತ್ರ ಕತ್ತಿಗೆ ಕೆಲಸವಿದೆ, ಏಕೆಂದರೆ ಅದು ಕೊಬ್ಬಿನಲ್ಲಿ ಕೂರುತ್ತದೆ. ಚರ್ಮ ಸುಲಿಯಬೇಕು. ಬೆನ್ನಿನ ಗುಂಟ ಮತ್ತು ಹೊಟ್ಟೆಯ ಅಂಚಿನಲ್ಲಿರುವ ಕೊಬ್ಬನ್ನೂ ಪಕ್ಕೆಯ ನಡುವೆ ಉದ್ದಕ್ಕೆ ಹೋಗುವ ಕಂದು ಮಾಂಸವನ್ನೂ ಕೊರೆದು ತೆಗೆಯಬೇಕು. ಉಳಿದದ್ದನ್ನು ಜಾಲರಿಯ ಮೇಲೆ ಸುಟ್ಟು ಕೊಬ್ಬು ತೊಟ್ಟಿಕ್ಕಲು ಬಿಟ್ಟರೆ ಪಿಸಿಬಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಸಾರು ಮಾಡಿದರೆ ಕರಗಿದ ಕೊಬ್ಬೆಲ್ಲ ಸಾರಿಗೇ ಸೇರುತ್ತದೆ. ಏಡಿಯ ಚಿಪ್ಪಿನೊಳಗೆ ನಾವು ಆಸೆಪಟ್ಟು ಬೆರಳಲ್ಲಿ ಬಳಿದು ತಿನ್ನುವ ಹಳದಿ-ಹಸಿರು ಮೆದು ಭಾಗವಿದೆಯಲ್ಲ, ವಿಷ ಸೇರುವ ಜಾಗವೂ ಅದೇ. ಅಂಥ ನೀರಿನ ಏಡಿಯಾದರೆ ಅದನ್ನೂ ಏಡಿ ಬೇಯಿಸಿದ ನೀರನ್ನೂ ಚೆಲ್ಲಲೇಬೇಕು. ಇನ್ನು ಪಾದರಸದ ಮುಂದೆ ಈ ಜಾಣತನ ಯಾವುದೂ ನಡೆಯದು. ಅದು ಮಾಂಸದ ಪ್ರೋಟೀನಿಗೇ ಅಂಟಿರುತ್ತದೆ. ಸುಲಿದರೂ ಹುರಿದರೂ ಹೋಗುವುದಿಲ್ಲ. ಅಲ್ಲಿ ಉಳಿಯುವುದು ಯಾವ ಮೀನು, ಎಷ್ಟು ಸಲ ಎಂಬ ಆಯ್ಕೆಯೊಂದೇ.

ತಲೆಮಾರುಗಳಿಂದ ಇದೇ ನೀರಿನ ಮೀನು ತಿಂದವರಿಗೆ ಏನಾಗಿದೆ ಎಂಬ ಪ್ರಶ್ನೆಯೂ ಬರುತ್ತದೆ. ಹಿಂದಿನವರ ಕಾಲದಲ್ಲಿ ಆ ಕಾರ್ಖಾನೆಗಳೇ ಇರಲಿಲ್ಲ. ಒಂದು ಊಟದಿಂದ ಏನೂ ಆಗದು ಎಂಬುದು ಬಹುಮಟ್ಟಿಗೆ ನಿಜ. ತೊಂದರೆ ಇರುವುದು ವಾರವಾರದ ಊಟದಲ್ಲಿ. ಮೀನಿನೊಳಗಿನ ಪಾದರಸದ ರೂಪವಾದ ಮೀಥೈಲ್ ಪಾದರಸವನ್ನು ತಿಂದರೆ, ಅದರಲ್ಲಿ ಅರ್ಧ ದೇಹ ಬಿಟ್ಟುಹೋಗಲು ಸುಮಾರು ಎರಡು ತಿಂಗಳು ಬೇಕು. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ, ಪಾದರಸ ಸೇರಿದ ಮೀನಿನಿಂದ ಹುಟ್ಟಿದ ರೋಗ, ಮೇಲ್ನೋಟಕ್ಕೆ ಅಷ್ಟಾಗಿ ಬಾಧೆಯಿಲ್ಲದ ತಾಯಂದಿರ ಹೊಟ್ಟೆಯಲ್ಲಿದ್ದ ಮಕ್ಕಳನ್ನೂ ಬಿಡಲಿಲ್ಲ. ಹಾಗೆಂದು ಮೀನನ್ನೇ ಬಿಡಿ ಎಂದು ನಾನು ಹೇಳಲಾರೆ. ಬಸುರಿಗೂ ಬೆಳೆಯುವ ಮಗುವಿಗೂ ಬೇಕಾದ ಒಳ್ಳೆಯ ಕೊಬ್ಬು ಮೀನಿನಲ್ಲಿದೆ. ಶುದ್ಧ ನೀರಿನ, ಎಳೆಯ, ಬೇರೆ ಮೀನನ್ನು ಬೇಟೆಯಾಡದ ಮೀನು ಆರಿಸಿಕೊಂಡರಾಯಿತು.

ನಮ್ಮ ಬೆಂಗಳೂರಿನಲ್ಲೂ ಪೀಣ್ಯದ ಕಾರ್ಖಾನೆಗಳ ನೀರು ಹೊತ್ತ ವೃಷಭಾವತಿ ನದಿ ಬೈರಮಂಗಲ ಕೆರೆಯನ್ನು ಹಾಯ್ದು, ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಅಂಥ ಕಡೆ ಕೂತು ಗಾಳ ಹಾಕುವ ಗೆಳೆಯರೇ, ಹಿಡಿಯುವ ಸುಖ ನಿಮ್ಮದಾಗಲಿ, ಮೀನು ಮಾತ್ರ ಮನೆಗೆ ಬೇಡ. ನಿಮ್ಮ ಕೆರೆಯ ಮೀನನ್ನು ಪರೀಕ್ಷಿಸಿ, ಯಾವುದನ್ನು ತಿನ್ನಬಹುದು, ತಿಂಗಳಿಗೆ ಎಷ್ಟು ಸಲ ಎಂದು ದಂಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕುವಂತೆ ಮೀನುಗಾರಿಕೆ ಇಲಾಖೆಗೆ ಒಂದು ಅರ್ಜಿ ಕೊಡಿ.