ರತ್ನಳ ಮನಸ್ಸು

ಬರೆಯುವವರು ದಿನವೂ ಜನರೊಡನೆ ಬೆರೆಯಬೇಕು ಎನ್ನುತ್ತಾರೆ. ನನಗೆ ಆ ಪಾಠ ಸಿಕ್ಕಿದ್ದು ಮಾಸ್ತಿಯವರ ‘ರಂಗನ ಮದುವೆ’ಯಿಂದ. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಮರಳಿದ ರಂಗನನ್ನು ಊರೆಲ್ಲ ಬೆರಗಿನಿಂದ ನೋಡುತ್ತದೆ. ನಿರೂಪಕ ಶ್ಯಾಮ ಮಾತ್ರ ಅವನ ಮುಖವನ್ನು ಓದುತ್ತಾನೆ. ರತ್ನಳ ಕೈಲಿ ಹಾಡಿಸಿ, ರಂಗನನ್ನು ಕರೆಸಿ, ಅವಳಿಗೆ ಮದುವೆಯಾಗಿದೆ ಎಂದು ಸುಳ್ಳು ಹೇಳಿ, ಅವನ ಮುಖ ಬಾಡುವುದನ್ನು ಗಮನಿಸುತ್ತಾನೆ. ನಮ್ಮನ್ನೂ ಜಗಲಿಯಲ್ಲಿ ಕೂರಿಸಿಕೊಂಡವನಂತೆ ಕತೆ ಹೇಳುತ್ತಾನೆ.

ವಿದ್ಯಾರ್ಥಿಯಾಗಿದ್ದಾಗ ನಾನೂ ಇದನ್ನೇ ರೂಢಿಸಿಕೊಂಡೆ. ಸಂಜೆ ಯಾರೊಂದಿಗಾದರೂ ಅರ್ಧ ಗಂಟೆ ಮಾತು, ರಾತ್ರಿ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಒಮ್ಮೆ ಗೆಳತಿ ಅದನ್ನು ಓದಿ, “ನನ್ನ ಮುಖ ಹೇಗಿತ್ತು ಅಂತ ಚೆನ್ನಾಗಿ ಬರೆದಿದ್ದೀಯ ಕಣೇ. ಯಾಕೆ ಹಾಗಿತ್ತು ಅಂತ ಕೇಳಲೇ ಇಲ್ಲ” ಅಂದಳು.

ಮತ್ತೆ ಕತೆ ತೆರೆದೆ. ರಂಗನನ್ನು ಕಂಡೊಡನೆ ರತ್ನ ನಾಚಿ ಹಾಡು ನಿಲ್ಲಿಸುತ್ತಾಳೆ. 11 ವರ್ಷದ ಹುಡುಗಿ. ಮದುವೆ ಅವಳದೂ ಹೌದು, ಆದರೆ ಅವಳ ಮನಸ್ಸಿಗೆ ಕತೆಯಲ್ಲಿ ಜಾಗ ಸಾಲದು. ಶ್ಯಾಮನ ಆತ್ಮೀಯತೆ ನನಗೆ ಈಗಲೂ ಇಷ್ಟ. ಅದರ ಮಿತಿಯೂ ಈಗ ಕಾಣುತ್ತದೆ. ಆ ಮಿತಿ ನನ್ನದೂ ಆಗಿತ್ತು. ಈಗಲೂ ರಾತ್ರಿ ಒಂದು ಪುಟ ಬರೆಯುತ್ತೇನೆ, ಆದರೆ ಸಂಜೆಯೇ ಕೇಳಬೇಕಾದ್ದನ್ನು ಕೇಳಿರುತ್ತೇನೆ.