ಕಾನೂನಾದ ಕರುಣೆ

ಬೆಳಗಾವಿಯಲ್ಲಿ ಓದಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 31. ಆಸ್ಪತ್ರೆ ಸೇರುವಾಗ 17 ವಾರಗಳ ಬಸುರಿ. ಈ ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದ್ದರು. ಹಾಗಾದರೆ ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಆದ್ದರಿಂದ ಸಾಧ್ಯವಿಲ್ಲ ಎಂಬ ಉತ್ತರ ಬಂತು. ಕಾರಣ ವಿವರಿಸುವಾಗ ದಾದಿಯೊಬ್ಬರು, ಇದು ಕ್ಯಾಥೊಲಿಕ್ ದೇಶ ಎಂಬರ್ಥದ ಮಾತನಾಡಿದರು. ಹಾಗೆ ಹೇಳಿದ್ದು ನಿಜವೆಂದು ಆಕೆ ಮುಂದೆ ಸಾವಿನ ವಿಚಾರಣೆಯಲ್ಲಿ ಒಪ್ಪಿಕೊಂಡರು.

ಆ ಒಂದು ಮಾತು ಲೋಕವನ್ನೆಲ್ಲ ಸುತ್ತಿತು. ಧರ್ಮವೇ ಸವಿತಾರನ್ನು ಕೊಂದಿತು ಎಂದು ಕೆಲವರು ಹೇಳಿದರು. ಇದು ಬರೀ ವೈದ್ಯಕೀಯ ನಿರ್ಲಕ್ಷ್ಯ, ಧರ್ಮಕ್ಕೆ ಇದರಲ್ಲಿ ಪಾತ್ರವೇ ಇಲ್ಲ ಎಂದು ಇನ್ನು ಕೆಲವರು ವಾದಿಸಿದರು. ಎರಡೂ ಸುಲಭದ ಉತ್ತರಗಳು. ಆ ಧರ್ಮ ನಿಜವಾಗಿ ಹೇಳುವುದೇನು ಎಂದು ಅದರ ಪಠ್ಯದಲ್ಲೇ ನೋಡುವುದು ನ್ಯಾಯ.

ಪೋಪ್ ಎರಡನೇ ಜಾನ್ ಪಾಲ್ 1995ರ ಮಾರ್ಚ್ 25ರಂದು ಹೊರಡಿಸಿದ 'ಇವಾಂಜೆಲಿಯಂ ವಿಟೇ', ಅಂದರೆ 'ಜೀವದ ಸುವಾರ್ತೆ', ಈ ವಿಷಯದಲ್ಲಿ ಕ್ಯಾಥೊಲಿಕ್ ನಿಲುವನ್ನು ಅತ್ಯಂತ ವಿಸ್ತಾರವಾಗಿ ಮಂಡಿಸುವ ಧರ್ಮಪತ್ರ. ಅದನ್ನು ಓದದೆಯೇ ಬೈಯುವವರು ಅದರ ಪ್ರಾಮಾಣಿಕತೆಯನ್ನು ಕಾಣುವುದಿಲ್ಲ. ಗರ್ಭಪಾತವನ್ನು ನೇರವಾಗಿ ಹೆಸರಿಸಿ ಖಂಡಿಸುವ ವಾಕ್ಯ ಬೈಬಲಿನಲ್ಲಿಲ್ಲ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ತಾಯಿ ಈ ನಿರ್ಧಾರಕ್ಕೆ ಬರುವುದು ಬಹಳ ಸಲ ನೋವಿನಿಂದ, ಬಡತನ ಅಥವಾ ಆರೋಗ್ಯದ ಭಯದಿಂದ ಎಂದು ಒಪ್ಪಿಕೊಳ್ಳುತ್ತದೆ. ಒತ್ತಾಯಿಸುವ ಗಂಡನನ್ನೂ ಕೈಬಿಡುವ ಬಂಧುಗಳನ್ನೂ ಹೊಣೆಗಾರರನ್ನಾಗಿ ಮಾಡುತ್ತದೆ. ಗರ್ಭಪಾತ ಮಾಡಿಸಿಕೊಂಡ ಹೆಂಗಸರಿಗೆಂದೇ ಬರೆದ ಭಾಗದಲ್ಲಿ ಶಾಪವಿಲ್ಲ, ಸಾಂತ್ವನವಿದೆ. ಬಾಯಿಲ್ಲದ ಜೀವದ ಪರವಾಗಿ ಮಾತನಾಡಬೇಕೆಂಬ ಅದರ ಕಳಕಳಿಯನ್ನು ಗೇಲಿ ಮಾಡುವಂತಿಲ್ಲ.

ಹಾಗಿದ್ದರೆ ಕೊರತೆ ಎಲ್ಲಿದೆ? ಪತ್ರದ ಘೋಷಣೆ ಖಂಡಿಸುವುದು 'ನೇರ' ಗರ್ಭಪಾತವನ್ನು. ಎಲ್ಲ ಭಾರವೂ ಬಿದ್ದಿರುವುದು ಆ ಒಂದು ವಿಶೇಷಣದ ಮೇಲೆ. ಬಸುರಿಗೆ ಗರ್ಭಕೋಶದ ಕ್ಯಾನ್ಸರ್ ಇದ್ದರೆ ಆ ಗರ್ಭಕೋಶವನ್ನು ತೆಗೆಯಬಹುದು. ಭ್ರೂಣ ಸಾಯುತ್ತದೆ, ಆದರೆ ಉದ್ದೇಶ ಅದಲ್ಲ ಎಂಬುದು ಕ್ಯಾಥೊಲಿಕ್ ನೀತಿಶಾಸ್ತ್ರದ ಹಳೆಯ ವಿವೇಚನೆ. ಈ ಸೂಕ್ಷ್ಮವನ್ನು ಧರ್ಮಪಂಡಿತರು ಬಲ್ಲರು. ಆದರೆ ಅದೇ ಪತ್ರ, ದೇಶದ ಕಾನೂನೂ ನೈತಿಕ ನಿಯಮಕ್ಕೆ ಹೊಂದಿಕೊಳ್ಳಬೇಕು ಎಂದು ಕೇಳುತ್ತದೆ. ಪಂಡಿತರ ವಿವೇಚನೆ ಕಾನೂನಿನ ಕಲಮಾದಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ? ಈ ಪ್ರಶ್ನೆಗೆ ಪತ್ರದಲ್ಲಿ ಸಾಕಷ್ಟು ಉತ್ತರವಿಲ್ಲ.

ಉತ್ತರ ಸಿಕ್ಕಿದ್ದು ಐರ್ಲೆಂಡಿನಲ್ಲಿ. ಅಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನಮತಗಣನೆ ನಡೆದು, ಶೇ. 66.9 ಮತಗಳ ಬೆಂಬಲದಿಂದ ಸಂವಿಧಾನಕ್ಕೆ 8ನೇ ತಿದ್ದುಪಡಿ ಬಂತು. ಹುಟ್ಟದ ಮಗುವಿನ ಜೀವದ ಹಕ್ಕು ಮತ್ತು ತಾಯಿಯ ಜೀವದ ಹಕ್ಕು ಸಮಾನ ಎಂದು ಅದು ಸಾರಿತು. ಕೇಳಲು ಎಷ್ಟು ನ್ಯಾಯ! ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯವಿದ್ದರೆ ಗರ್ಭ ತೆಗೆಯಬಹುದು ಎಂದು 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆ ಅಪಾಯವನ್ನು ಅಳೆಯುವುದು ಹೇಗೆ ಎಂಬ ಕಾನೂನನ್ನು ಸಂಸತ್ತು 20 ವರ್ಷ ಕಳೆದರೂ ಮಾಡಲಿಲ್ಲ. ಕಾನೂನುಬಾಹಿರ ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆ ವಿಧಿಸುವ ಬ್ರಿಟಿಷರ 1861ರ ಕಾಯ್ದೆ ಮಾತ್ರ ಜಾರಿಯಲ್ಲೇ ಇತ್ತು.

ಸವಿತಾ ಮಲಗಿದ್ದ ವಾರ್ಡಿಗೆ ಬಂದು ತಲುಪಿದ್ದು ಈ ಸ್ಥಿತಿ. ನೀರಿನ ಚೀಲ ಒಡೆದದ್ದು ಅಕ್ಟೋಬರ್ 22ರಂದು. ಅವರ ಜೀವಕ್ಕೆ ಅಪಾಯವಿದೆ ಎನ್ನುವಂತಿರಲಿಲ್ಲವಾದ್ದರಿಂದ ಕಾನೂನು ಬಿಡಲಿಲ್ಲ. ಅಪಾಯ ಕಣ್ಣಿಗೆ ಬಿದ್ದದ್ದು 24ರಂದು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಮೊದಲ ಎರಡು ದಿನಗಳಲ್ಲಿ ಗರ್ಭ ತೆಗೆದಿದ್ದರೆ ಬಹುಶಃ ಬದುಕುತ್ತಿದ್ದರು, ಆದರೆ ಆಗ ಕಾನೂನು ಅಡ್ಡ ಇತ್ತು. ಕಾನೂನು ಬಿಟ್ಟಾಗ ಹೊತ್ತು ಮೀರಿತ್ತು ಎಂದು ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. ನಿರ್ಲಕ್ಷ್ಯವೂ ಇತ್ತು. ಬಿಳಿ ರಕ್ತಕಣಗಳು ಏರಿವೆ ಎಂದು ತೋರಿಸಿದ ಮೊದಲ ದಿನದ ರಕ್ತಪರೀಕ್ಷೆಯನ್ನು ಯಾರೂ ಹಿಂಬಾಲಿಸಲಿಲ್ಲ. ಆದರೆ 2013ರ ತನಿಖಾ ವರದಿ ಈ ಎರಡನ್ನೂ ಒಟ್ಟಿಗೇ ಹೇಳುತ್ತದೆ: ತಾಯಿಯ ತಪಾಸಣೆ ಸಾಲಲಿಲ್ಲ, ಭ್ರೂಣದ ಹೃದಯ ನಿಲ್ಲುವವರೆಗೆ ಕಾಯುವುದಕ್ಕೇ ಅತಿಯಾದ ಒತ್ತು ಬಿತ್ತು. ಎಲ್ಲರೂ ಒಂದು ಬಡಿತಕ್ಕೆ ಕಿವಿಗೊಟ್ಟು ಕುಳಿತಾಗ ಇನ್ನೊಂದು ಬಡಿತ ಯಾರಿಗೂ ಕೇಳಿಸಲಿಲ್ಲ.

ದುರಂತದ ಅತಿ ಕಹಿಯಾದ ಭಾಗ ಇದರ ನಂತರದ್ದು. 2012ರ ನವೆಂಬರಿನಲ್ಲಿ ಐರ್ಲೆಂಡಿನ ಬಿಷಪ್ಪರು ಹೇಳಿಕೆ ಕೊಟ್ಟು, ತಾಯಿಯ ಜೀವಕ್ಕಿಂತ ಗರ್ಭದ ಮಗುವಿನ ಜೀವ ಹೆಚ್ಚೆಂದು ಚರ್ಚ್ ಎಂದೂ ಬೋಧಿಸಿಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ಆ ಬೋಧನೆ ಸವಿತಾರ ಹಾಸಿಗೆಯವರೆಗೆ ಏಕೆ ತಲುಪಲಿಲ್ಲ? ತಲುಪಿದ್ದು ಕಲಮು ಮತ್ತು ಜೈಲಿನ ಭಯ ಮಾತ್ರ. ಹೆಚ್ಚು ಜೀವ ಉಳಿಸಲೆಂದು ಧರ್ಮ ತನ್ನ ವಿವೇಚನೆಯನ್ನು ಕಾನೂನಿನ ಕೈಗೆ ಕೊಟ್ಟಿತು. ಕಾನೂನು ಕಟ್ಟಳೆಯನ್ನು ಇಟ್ಟುಕೊಂಡು ವಿವೇಚನೆಯನ್ನು ಬಿಟ್ಟುಬಿಟ್ಟಿತು.

ಈ ನಿಲುವು ಎಲ್ಲ ಕಾಲಕ್ಕೂ ಎಲ್ಲ ಕ್ರೈಸ್ತರಿಗೂ ಒಂದೇ ಆಗಿತ್ತು ಎಂದೇನೂ ಅಲ್ಲ. ಗರ್ಭಪಾತ ತಪ್ಪು ಎಂಬುದರಲ್ಲಿ ಚರ್ಚಿಗೆ ಎಂದೂ ಸಂಶಯವಿರಲಿಲ್ಲ ನಿಜ. ಆದರೆ ಆಕಾರ ಪಡೆದ ಭ್ರೂಣ, ಪಡೆಯದ ಭ್ರೂಣ ಎಂಬ ಭೇದವನ್ನು ಸಂತ ಅಗಸ್ಟೀನ್ ಮತ್ತು ಥಾಮಸ್ ಅಕ್ವಿನಾಸ್ ಒಪ್ಪಿದ್ದರು. ದಂಡನೆಯಲ್ಲಿ ಆ ಭೇದ ಕೊನೆಗೆ ಅಳಿದದ್ದು 1869ರಲ್ಲಿ. ಇಂದು ಅಮೆರಿಕದಲ್ಲಿ ಗರ್ಭಪಾತವನ್ನು ಕಟ್ಟುನಿಟ್ಟಾಗಿ ವಿರೋಧಿಸುವ ಸದರ್ನ್ ಬ್ಯಾಪ್ಟಿಸ್ಟರು 1971ರಲ್ಲಿ, ಅತ್ಯಾಚಾರ, ತಾಯಿಯ ಆರೋಗ್ಯ ಮುಂತಾದ ಕಾರಣಗಳಿಗೆ ಕಾನೂನು ಅವಕಾಶ ಕೊಡಬೇಕು ಎಂದು ನಿರ್ಣಯ ಮಾಡಿದ್ದರು.

ನಾವು ಬೀಗುವಂತೆಯೂ ಇಲ್ಲ. ನಮ್ಮ ದೇಶದ 1971ರ ಕಾಯ್ದೆಯ ಪ್ರಕಾರ 17 ವಾರದ ಆ ಗರ್ಭವನ್ನು ಇಬ್ಬರು ವೈದ್ಯರ ಅಭಿಪ್ರಾಯ ಪಡೆದು ಬೆಳಗಾವಿಯಲ್ಲೇ ತೆಗೆಯಬಹುದಿತ್ತು. ಆದರೆ ಅದೇ ಕರ್ನಾಟಕದ ಮಂಡ್ಯದಲ್ಲಿ, ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣಗಳನ್ನು ಪತ್ತೆಹಚ್ಚುತ್ತಿದ್ದ ಜಾಲ 2023ರಲ್ಲಿ ಬಯಲಾಯಿತು. ಗರ್ಭದಲ್ಲಿರುವುದು ಯಾರು ಎಂದು ಚರ್ಚ್ ಕೇಳುವ ಪ್ರಶ್ನೆ ನಮಗೂ ಬೇಕು. ಗರ್ಭ ಹೊತ್ತವಳು ಯಾರು ಎಂಬ ಪ್ರಶ್ನೆಯನ್ನು ಅದರ ಜೊತೆಗೇ ಕೇಳಬೇಕು, ಅಷ್ಟೆ.

ಐರಿಷ್ ಜನ ಕೊನೆಗೂ ಅದನ್ನು ಕೇಳಿದರು. ಸವಿತಾರ ತಂದೆತಾಯಿ ಬೆಳಗಾವಿಯಿಂದ ಮಾಡಿದ ಮನವಿ ಅಲ್ಲಿ ಮನೆಮಾತಾಯಿತು. 2018ರ ಮೇ 25ರಂದು ಶೇ. 66.4 ಮತಗಳಿಂದ 8ನೇ ತಿದ್ದುಪಡಿ ರದ್ದಾಯಿತು. ಎರಡು ವರ್ಷಗಳ ಹಿಂದಿನ ಜನಗಣತಿಯಲ್ಲಿ ಆ ದೇಶದ ಶೇ. 78ರಷ್ಟು ಜನ ತಮ್ಮನ್ನು ಕ್ಯಾಥೊಲಿಕರೆಂದು ಬರೆಸಿದ್ದರು. ರದ್ದತಿಗೆ ಮತ ಹಾಕಿದವರೆಲ್ಲ ದೇವರನ್ನು ಬಿಟ್ಟವರಲ್ಲ ಎಂಬುದು ಇದರಿಂದ ಸ್ಪಷ್ಟ.

ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಸಾಯುತ್ತಿರುವ ಒಂದು ಮಗುವನ್ನು ಉಳಿಸಲು ಯೇಸು ಅವಸರದಲ್ಲಿ ಹೊರಟಿದ್ದಾರೆ. ದಾರಿಯಲ್ಲಿ, 12 ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವರ ಬಟ್ಟೆಯನ್ನು ಮುಟ್ಟುತ್ತಾಳೆ. ಶಾಸ್ತ್ರದ ಪ್ರಕಾರ ಆಕೆ ಮೈಲಿಗೆಯವಳು. ಮಗು ಕಾಯುತ್ತಿದ್ದರೂ ಯೇಸು ನಿಲ್ಲುತ್ತಾರೆ, ತಿರುಗಿ ನೋಡುತ್ತಾರೆ, ಆಕೆಯ ಕಥೆಯನ್ನು ಪೂರ್ತಿ ಕೇಳುತ್ತಾರೆ. ಕೊನೆಗೆ ಹೆಂಗಸೂ ಬದುಕುತ್ತಾಳೆ, ಮಗುವೂ ಬದುಕುತ್ತದೆ. ಗಾಲ್ವೇಯ ಆ ವಾರ್ಡಿಗೆ ಬೇಕಿದ್ದದ್ದು ಈ ಕ್ಯಾಥೊಲಿಕ್ ದೇಶ.