ಅಲುಗಾಡದ ಅಲಗು

ಮಡಚುವ ಚಾಕುವಿನ ಯೋಗ್ಯತೆ ತಿಳಿಯಲು ಹಣ್ಣು ಹೆಚ್ಚಬೇಕಿಲ್ಲ. ಬಿಚ್ಚಿ, ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಮೇಲೆ ಕೆಳಗೆ, ಅತ್ತ ಇತ್ತ ಒತ್ತಿ, ಆಡುತ್ತದೆಯೇ ಎಂದು ನೋಡಿದರೆ ಸಾಕು.

ಫ್ರಾನ್ಸಿನ ಸವೋಯ ಪ್ರಾಂತ್ಯದ ಒಪಿನೆಲ್ ಚಾಕು 1890ರಲ್ಲಿ ಹುಟ್ಟಿದ್ದು ರೈತರ ಕಿಸೆಗಾಗಿ. ಒಂದು ಅಲಗು, ಬೀಚ್ ಮರದ ಹಿಡಿ, ಒಂದು ರಿವೆಟ್, ಹಿಡಿಯ ಕೊರಳಿಗೊಂದು ಲೋಹದ ಪಟ್ಟಿ. ಜೋಸೆಫ್ ಒಪಿನೆಲ್‌ಗೆ ಇಷ್ಟೇ ಸಾಕಾಗಿತ್ತು. ಬಿಚ್ಚಿದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗು ಬಳೆಯನ್ನು 1955ರಲ್ಲಿ ಮಾರ್ಸೆಲ್ ಒಪಿನೆಲ್ ಸೇರಿಸಿದರು. ಆ ಬಳೆಯ ಅಂಚು ತುಸು ಓರೆ. ತಿರುಗಿಸಿದಷ್ಟೂ ಅಲಗಿನ ಬುಡಕ್ಕೆ ಬೆಣೆಯಂತೆ ಒತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಬಳಸಿ ಸವೆದರೆ ಇನ್ನೊಂಚೂರು ಹೆಚ್ಚು ತಿರುಗುತ್ತದೆ, ಅಷ್ಟೇ. ಸವೆತವನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಈ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ.

ಮೇಲೆ ಕೆಳಗಿನ ಆಟವನ್ನು ಬಳೆ ತಡೆಯುತ್ತದೆ; ಪಕ್ಕಕ್ಕೆ ಆಡುವ ಅಲಗಿಗೆ ಮದ್ದು ಬೇರೆ. ರಿವೆಟ್ಟಿನ ಒಂದು ತಲೆಯನ್ನು ಗಟ್ಟಿ ಕಬ್ಬಿಣದ ಮೇಲಿಟ್ಟು, ಇನ್ನೊಂದಕ್ಕೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಪ್ರತಿ ಪೆಟ್ಟಿಗೂ ಬಿಚ್ಚಿ ನೋಡಬೇಕು. ಅತಿಯಾದರೆ ಚಾಕು ಬಿಚ್ಚಲು ಉಗುರೇ ಕಿತ್ತುಬರಬೇಕು.

ಇನ್ನು ಮರದ ಸ್ವಭಾವ: ತೇವಕ್ಕೆ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ, ಒಣಗಿದಾಗ ಸಡಿಲ ಬಿಡುತ್ತದೆ. ಸಿಕ್ಕಿಬಿದ್ದ ಅಲಗನ್ನು ಸವೋಯದವರು ಹಿಡಿಯ ತುದಿಯನ್ನು ಮೇಜಿಗೆ ಕುಟ್ಟಿ ಹೊರಗೆ ತರುತ್ತಾರೆ. ಆದ್ದರಿಂದ ಬೇಸಿಗೆಯಲ್ಲಿ ಅಲಗು ಸ್ವಲ್ಪ ಆಡಿತೆಂದು ಕೂಡಲೇ ಸುತ್ತಿಗೆ ಎತ್ತಬೇಡಿ. ಒಂದು ಮಳೆಗಾಲ ಕಳೆಯಲಿ.